ಎರಡು ಪಾಲಾದ ಬೀಸುವ ಕಲ್ಲು

ಬಾವಿ ದಾಟುವಾಗ ಸ್ವಪ್ನಾ ನನ್ನ ತೋಳು ಹಿಡಿದು ನಿಂತಳು.

"ಮಾವ... ಕೇಳಿಸ್ತಾ?"

ಕೇಳಿಸಲಿಲ್ಲ ಅಂದೆ. ಸುಳ್ಳು.

ಮೊದಲೇ ಹೇಳಿಬಿಡ್ತೀನಿ, ನಾನು ದೆವ್ವಕ್ಕೆ ಹೆದರುವ ಪೈಕಿ ಅಲ್ಲ. ಹೊಸನಗರದಿಂದ ತೀರ್ಥಹಳ್ಳಿವರೆಗೆ ಯಾವ ಆಲದ ಮರವನ್ನಾದರೂ ಕೇಳಿ. ಈ ದುರ್ಗೇಶ ಬರುವ ಹೊತ್ತಿಗೆ ಅಲ್ಲಿರೋವೆಲ್ಲ ಕೊಂಬೆ ಬದಲಾಯಿಸಿ ಕೂತಿರ್ತವೆ. ಮಂಡಗದ್ದೆ ಹತ್ತಿರ ಒಬ್ಬಳು ಮೋಹಿನಿ ನನ್ನ ಸ್ಕೂಟರ್ ಹತ್ತಿ, ನನ್ನ ಮಾತು ತಡೆಯಲಾರದೆ ಎರಡನೇ ತಿರುವಿನಲ್ಲೇ ಇಳಿದು ಹೋಗಿದ್ದಾಳೆ. ಅದನ್ನು ನೀವು ನಂಬಬೇಕಾಗಿಲ್ಲ. ಇದನ್ನು ನಂಬಬೇಕು. ಇದು ನನ್ನ ಅಕ್ಕನ ಮಗಳಿಗೆ ಆದದ್ದು. ಹೋದ ಚಳಿಗಾಲದಲ್ಲಿ, ನಾನು ಪಕ್ಕದಲ್ಲೇ ಇದ್ದಾಗ.

ಸ್ವಪ್ನಾ ಮೈಸೂರಿನಲ್ಲಿ ಇತಿಹಾಸದ ಎಂ.ಎ. ಮುಗಿಸಿ, ಮ್ಯೂಸಿಯಂ ಕೆಲಸದ ಡಿಪ್ಲೊಮಾನೂ ಮಾಡಿ ಬಂದವಳು. ಒಂದು ವರ್ಷ ಅರ್ಜಿ ಹಾಕಿದಳು. ಎಲ್ಲ ಕಡೆ ಕೇಳಿದ್ದು ಒಂದೇ, ಅನುಭವ ಎಷ್ಟು ವರ್ಷ ಅಂತ. ಯಾರೂ ಕೆಲಸ ಕೊಡದೆ ಅನುಭವ ಎಲ್ಲಿಂದ ಬರಬೇಕು, ಸಂತೆಯಲ್ಲಿ ಸಿಗುತ್ತಾ? ಕೊನೆಗೆ ಹುಂಚದ ದಾರಿಯಲ್ಲಿ, ಮುಚ್ಚಿಹೋದ ಒಂದು ಶಾಲೆಯಲ್ಲಿ, ಊರವರ ಟ್ರಸ್ಟೊಂದು ಹಳೇ ಮನೆಸಾಮಾನಿನ ಮ್ಯೂಸಿಯಂ ಶುರು ಮಾಡಿತು. ಇವಳನ್ನು ತಗೊಂಡರು, ಆರು ತಿಂಗಳ ಪರೀಕ್ಷೆಗೆ. ಒಂದೊಂದು ವಸ್ತುವಿಗೂ ನಂಬರ್ ಬರೆದು, ಯಾರ ಮನೆಯದು, ಹೇಗೆ ಬಂತು ಅಂತ ದಾಖಲೆ ಪುಸ್ತಕ ತುಂಬಿಸಬೇಕು. ಕೊನೆಗೆ ಸಮಿತಿ ಬಂದು ನೋಡಿ ಒಪ್ಪಿದರೆ ಕೆಲಸ ಕಾಯಂ. ಇಲ್ಲದಿದ್ದರೆ... ನನ್ನ ಭಾವ ಗುತ್ಯಪ್ಪ ಬಿ.ಎಡ್. ಅರ್ಜಿ ತಂದು ದೇವರ ಗೂಡಿನಲ್ಲಿ ಇಟ್ಟಾಗಿತ್ತು.

ಬೆಳಗಾದರೆ ಸಮಿತಿ. ಪುಸ್ತಕ ಮುಗಿಯುವಾಗ ರಾತ್ರಿ ಒಂಬತ್ತೂವರೆ. ಕರಕೊಂಡು ಹೋಗೋಕೆ ನಾನು ಬಂದಿದ್ದೆ. ಸ್ಕೂಟರ್ ರಸ್ತೆಯಲ್ಲಿ ಬಿಟ್ಟು, ಶಾಲೆ ಬಾವಿಯ ಪಕ್ಕದ ಕಾಲುದಾರಿಯಲ್ಲಿ ನಡೀಬೇಕು.

ಗರ್ರ್... ಟಕ್. ಗರ್ರ್... ಟಕ್.

ಕಲ್ಲಿನ ಮೇಲೆ ಕಲ್ಲು ಸುತ್ತುವ ಸದ್ದು. ಗೂಟ ಸಡಿಲವಾದ ಬೀಸುವ ಕಲ್ಲು ಸುತ್ತಿಗೊಂದು ಸಲ ಹಾಗೆ ಟಕ್ ಅನ್ನುತ್ತೆ. ಶಾಲೆಯ ಒಳಗಿಂದ ಬರ್ತಿತ್ತು.

"ಗೂಬೆ," ಅಂದೆ.

"ಗೂಬೆ ಬೀಸ್ತದಾ ಮಾವ?"

ಅವಳೇ ಕೈಯಾರೆ ಬೀಗ ಹಾಕಿ ಬಂದ ಕಟ್ಟಡ. ಕಳ್ಳರು ಹೊಕ್ಕು ಒಂದು ವಸ್ತು ಒಡೆದರೂ ಬೆಳಗ್ಗೆ ಅವಳ ತಲೆಗೇ ಬರುತ್ತೆ. ಹಿಂದಕ್ಕೆ ತಿರುಗಿದಳು. ಹಿಂದಿನಿಂದ ಯಾರಾದರೂ ಬಂದರೆ ತಡೀಬೇಕಲ್ಲ... ಅದಕ್ಕೇ ನಾನು ಅವಳ ಹಿಂದೆ ನಡೆದೆ.

ಹಾಕಿದ ಬೀಗ ಹಾಗೇ ಇತ್ತು, ತೆಗೆದು ಬಾಗಿಲು ತಳ್ಳಿದೆವು. ಮೂರನೇ ಕ್ಲಾಸಿನ ಕೋಣೆಯ ಮೂಲೆಗೆ ಟಾರ್ಚ್ ಬಿಟ್ಟೆ. ಬೀಸುವ ಕಲ್ಲು ಕೊನೆಯ ಕಾಲು ಸುತ್ತು ಸುತ್ತಿ... ನಿಂತಿತು.

ಕಿಟಕಿ ಮುಚ್ಚಿತ್ತು. ಯಾರೂ ಇಲ್ಲ.

ನಾನು ಬಾಗಿಲ ಕಡೆ ಎರಡು ಹೆಜ್ಜೆ ಸರಿದದ್ದು ಚಳಿಗೆ. ಚಳಿಗೇ.

"ನಾ ತಪ್ಪು ಬರ್ದಿದೀನಿ ಮಾವ," ಅಂದಳು ಸ್ವಪ್ನಾ, ಉಸಿರಿನಲ್ಲಿ.

ಆ ಕಲ್ಲಿನ ಸಂಗತಿ ಸುತ್ತಿನವರಿಗೆಲ್ಲ ಗೊತ್ತು. ಶೇಷಮ್ಮ, ಹೂವಮ್ಮ ವಾರಗಿತ್ತಿಯರು. ನಲವತ್ತು ವರ್ಷದ ಹಿಂದೆ ಇವರ ಗಂಡಂದಿರು ಹಿಸೆಯಾಗಿ ಬೇರೆಯಾದಾಗ ಸೌಟು, ಮಣೆ, ಚೆಂಬು ಎಲ್ಲ ಸಮಪಾಲು. ಬೀಸುವ ಕಲ್ಲು ಮಾತ್ರ ಒಂದೇ ಇತ್ತು, ಯಾರೂ ಬಿಟ್ಟುಕೊಡಲಿಲ್ಲ. ಮೇಲಿನ ಕಲ್ಲು ಹಿರಿಯ ಸೊಸೆ ಶೇಷಮ್ಮನಿಗೆ, ಕೆಳಗಿನದು ಹೂವಮ್ಮನಿಗೆ. ಇಬ್ಬರಿಗೂ ಬೀಸೋಕಾಗಲಿಲ್ಲ. ಅಲ್ಲಿಂದ ಮಾತೂ ನಿಂತಿತು. ಶೇಷಮ್ಮ ಮಕ್ಕಳಿಲ್ಲದೆ ತೀರಿಕೊಂಡು ಮೂರು ವರ್ಷ. ಪಾಳುಬಿದ್ದ ಅವರ ಹಿತ್ತಿಲಿನಿಂದ ಮೇಲಿನ ಕಲ್ಲು ಮ್ಯೂಸಿಯಂಗೆ ಬಂತು. ಕೆಳಗಿನದನ್ನು ಹೂವಮ್ಮನ ಮನೆಯವರು ಕೊಟ್ಟರು. ಟ್ರಸ್ಟಿನ ಯಜಮಾನರು ಮುಕುಂದಯ್ಯ ಅಂತ. ಸತ್ತವರ ಹೆಸರು ಹಾಕಿದರೆ ನಾಳೆ ಯಾವನೋ ದಾಯಾದಿ ಬಂದು ತಕರಾರು ತೆಗೀತಾನೆ, ಇಡೀ ಕಲ್ಲು ಹೂವಮ್ಮನದು ಅಂತಲೇ ಬರಿ ಅಂದಿದ್ದರಂತೆ. ಕೆಲಸ ಕೊಡುವ ಕೈ ಅವರದು. ಇವಳು ಹಾಗೇ ಬರೆದಿದ್ದಳು.

ಯೂನಿವರ್ಸಿಟಿಯಲ್ಲಿ ಮೊದಲ ದಿನ ಕಲಿಸಿದ್ದೇ ಅದಂತೆ. ವಸ್ತು ಒಡೆದರೆ ಅಂಟಿಸಬಹುದು, ಯಾರದು ಅನ್ನೋದು ಸುಳ್ಳಾದರೆ ಅಂಟಿಸೋಕಾಗಲ್ಲ.

ಬೆಳಗ್ಗೆ ತಿದ್ದು, ಹಗಲಲ್ಲಿ ಅಕ್ಷರ ಚೆಂದ ಬರುತ್ತೆ ಅಂತ ಅವಳನ್ನು ಎಳೆದುಕೊಂಡು ಹೊರಟೆ. ಬೀಗ ಹಾಕಿದೆವು. ಹತ್ತು ಹೆಜ್ಜೆ...

ಗರ್ರ್... ಟಕ್.

ಈ ಸಲ ಅವಸರ ಇರಲಿಲ್ಲ ಆ ಸದ್ದಿಗೆ. ರಾತ್ರಿಯಿಡೀ ಹೊತ್ತಿದೆ ಅನ್ನುವ ಹಾಗೆ.

"ಈಗ್ಲೇ ತಿದ್ತೀನಿ," ಅಂದಳು.

"ಮುಕುಂದಯ್ಯ ಕೆಲಸದಿಂದ ತೆಗೀತಾರೆ ಕಣೆ."

"ತೆಗೀಲಿ."

ಮತ್ತೆ ಒಳಗೆ. ಕಲ್ಲಿಗೆ ಬೆನ್ನು ಹಾಕಿ ಮೇಜಿನ ಮುಂದೆ ಕೂತಳು. ದಾಖಲೆ ಪುಸ್ತಕದಲ್ಲಿ ಉಜ್ಜಿ ಅಳಿಸುವ ಹಾಗಿಲ್ಲ. ಕೆಂಪು ಶಾಯಿಯಲ್ಲಿ ಒಂದೇ ಗೆರೆ ಎಳೆದು, ಕೆಳಗೆ ಸರಿಯಾದದ್ದು ಬರೆದು ಸಹಿ ಹಾಕಬೇಕು. ನಾನು ಟಾರ್ಚ್ ಹಿಡಿದೆ. ಬೆಳಕು ಪುಟದ ಮೇಲೆ ಕುಣೀತಿತ್ತು. ಅಗ್ಗದ ಟಾರ್ಚ್, ಮತ್ತೇನಲ್ಲ.

ಅವಳು ಗೆರೆ ಎಳೆದಳು.

ನಮ್ಮ ಬೆನ್ನ ಹಿಂದೆ ಕಲ್ಲು ಸುತ್ತತೊಡಗಿತು.

ನಾನು ತಿರುಗಿ ನೋಡಲಿಲ್ಲ. ಗರ್ರ್... ಟಕ್. ಗಾಜಿನ ಬಳೆ ಒಂದಕ್ಕೊಂದು ತಾಗಿ ಚಿಲ್ ಅಂತು. ಖಾಲಿ ಕಲ್ಲಿನ ಬಾಯಿಗೆ ಅಕ್ಕಿ ಸುರಿದ ಹಾಗೆ ಸರಸರ... ಆಮೇಲೆ ಉಸಿರು. ಎಳೆಯುವಾಗ ಒಂದು, ಬಿಡುವಾಗ ಒಂದು. ಒಂದೇ ಎದೆಯ ಉಸಿರಲ್ಲ ಅದು. ಕಲ್ಲಿನ ಆ ಬದಿಯಿಂದ ಒಂದು, ಈ ಬದಿಯಿಂದ ಒಂದು.

"ಬರೀತಿದೀಯಾ?"

"ಬರೀತಿದೀನಿ."

"ಬೇಗ..."

ಮೇಲಿನ ಕಲ್ಲು, ಶೇಷಮ್ಮನವರದು. ಕೆಳಗಿನ ಕಲ್ಲು, ಹೂವಮ್ಮನವರದು. ಎರಡು ನಂಬರು, ಎರಡು ಹೆಸರು. ಸಹಿ ಹಾಕಿ ಪೆನ್ನಿನ ಮುಚ್ಚಳ ಒತ್ತಿದಳು.

ಕಲ್ಲು ನಿಂತಿತು. ಕೂತವರು ಎದ್ದು ಸೆರಗು ಕೊಡವಿದ ಹಾಗೆ ಪಟಪಟ ಅಂತು. ಅಷ್ಟೆ.

ಮನೆ ಮುಟ್ಟುವವರೆಗೆ ಸ್ಕೂಟರಿನ ಮೇಲೆ ಇಬ್ಬರೂ ಮಾತಾಡಲಿಲ್ಲ. ನಾನು ಮಾತಾಡಲಿಲ್ಲ ಅಂದರೆ ನೀವೇ ಅರ್ಥ ಮಾಡ್ಕೊಳ್ಳಿ.

ಬೆಳಗ್ಗೆ ಕೆಂಪು ಗೆರೆ ನೋಡಿ ಮುಕುಂದಯ್ಯ ಮುಖ ಗಂಟಿಕ್ಕಿದರು. ಸಮಿತಿಯಲ್ಲಿ ಸಾಗರದ ಪದ್ಮಲತಾ ಅನ್ನುವವರಿದ್ದರು. ಮ್ಯೂಸಿಯಂ ಕೆಲಸದಲ್ಲೇ ನಿವೃತ್ತರಾದವರು, ಆ ಕೆಲಸ ಬಲ್ಲವರು ಅವರೊಬ್ಬರೇ. ಪುಸ್ತಕವನ್ನೆಲ್ಲ ತಿರುವಿ ನೋಡಿ, ಈ ಗೆರೆ ಕಂಡ ಮೇಲೇ ಉಳಿದ ಪುಟಗಳ ಮೇಲೆ ನನಗೆ ನಂಬಿಕೆ ಬಂದದ್ದು, ಹುಡುಗಿ ಇರಲಿ ಅಂದರಂತೆ. ಅವರ ಮಾತು ನಡೀತು. ಒಂದೇ ಷರತ್ತು, ತಿದ್ದಿದ್ದಕ್ಕೆ ಹೂವಮ್ಮನ ಒಪ್ಪಿಗೆ ಇವತ್ತೇ ಪುಸ್ತಕದಲ್ಲಿ ಬೀಳಬೇಕು.

ಸಂಜೆ ಪುಸ್ತಕ ಹಿಡಿದು ನಾವಿಬ್ಬರೂ ಹೋದೆವು. ಹೂವಮ್ಮನಿಗೆ ಎಂಬತ್ತೆರಡು. ಹಾಸಿಗೆ ಹಿಡಿದು ಎರಡು ವರ್ಷ. ಎಬ್ಬಿಸಿ ಕೂರಿಸೋಕೂ ಇಬ್ಬರು ಬೇಕು, ಅನ್ನದ ತುತ್ತನ್ನೂ ಸೊಸೆ ಶ್ಯಾಮಲಾ ಬಾಯಿಗೆ ಇಡಬೇಕು. ಸ್ವಪ್ನಾ ಬರೆದದ್ದನ್ನು ಓದಿ ಹೇಳಿದಳು. ಮೇಲಿನ ಕಲ್ಲು ಶೇಷಮ್ಮನವರದು ಅಂದಾಗ ಹೂವಮ್ಮ ತಲೆಯಾಡಿಸಿದರು. ಸಹಿ ಬರಲ್ಲ ಅಂತ ಹೆಬ್ಬೆಟ್ಟಿಗೆ ಬಲಗೈ ಚಾಚಿದರು.

ಅಂಗೈ ತುಂಬ ಬೊಬ್ಬೆ. ಹೆಬ್ಬೆರಳ ಬುಡದಲ್ಲಿ ಎರಡು ಒಡೆದು ನೀರು ಸೋರ್ತಿತ್ತು.

"ರಾತ್ರಿ ಮಲಗೋವಾಗ ಇರ್ಲಿಲ್ಲ," ಅಂದಳು ಶ್ಯಾಮಲಾ. "ಬೆಳಗ್ಗೆ ನೋಡಿದ್ರೆ ಹಿಂಗೆ."

ಸ್ವಪ್ನಾ ಆ ಕೈಯನ್ನು ಮೆಲ್ಲಗೆ ಹೊದಿಕೆಯ ಮೇಲೆ ಇಟ್ಟು, ಇನ್ನೊಂದು ಕೈಗೆ ಶಾಯಿ ಹಚ್ಚಿದಳು.

ಅವಳು ಈಗಲೂ ಅಲ್ಲೇ ಕೆಲಸದಲ್ಲಿದ್ದಾಳೆ. ನಾನು ಕಟ್ಟಿ ಹೇಳಿದೆ ಅನ್ನುವವರು ಹೋಗಿ ಕೇಳಿ, ಪುಟ ತೆಗೆದು ತೋರಿಸ್ತಾಳೆ... ಎಡಗೈ ಹೆಬ್ಬೆಟ್ಟು ಅದು.