ಸೇತುವೆಯ ಮೇಲೆ ತಾಮ್ರದ ಪಾತ್ರೆ ಬಡಿದ ಬಗ್ಗೆ

ಹೆಸರು: ಓರ್ಸೊಲಾ ಬಾಲಾರಿನ್. ಗಂಡನ ಹೆಸರು: ಫೋರ್ತುನಾತೊ ತಿಯೋಜ್ಜೊ. ವಯಸ್ಸು: ಎಪ್ಪತ್ತು. ವಿದ್ಯಾಭ್ಯಾಸ: ಹೈಸ್ಕೂಲು. ಉದ್ಯೋಗ: ಮೀನಿನ ಅಂಗಡಿ, ಸ್ವಂತದ್ದು. ವಾಸ: ಕಿಯೋಜಾ ಪಟ್ಟಣ, ವೇನಾ ಕಾಲುವೆಯ ದಂಡೆ.

ಈ ದಿನ ಸಂಜೆ ತೋದಿ ಪಟ್ಟಣದ ಕೆಳಗೆ ಟೈಬರ್ ನದಿಯ ಸೇತುವೆಯ ಮೇಲೆ ನಿಂತು ತಾಮ್ರದ ಪಾತ್ರೆ ಬಡಿದು ಸುತ್ತಲಿನವರಿಗೆ ತೊಂದರೆ ಕೊಟ್ಟದ್ದು ಏಕೆ ಎಂದು ಠಾಣೆಯಲ್ಲಿ ನನ್ನನ್ನು ಕೇಳಿದ್ದಾರೆ. ಅದಕ್ಕೆ ಉತ್ತರವಾಗಿ ಈ ಮೂಲಕ ತಿಳಿಸುವುದೇನೆಂದರೆ, ಬಡಿದದ್ದು ನಿಜ. ತೊಂದರೆ ಕೊಡುವುದಕ್ಕೆ ಬಡಿಯಲಿಲ್ಲ.

ನಮ್ಮ ಮದುವೆಯಾಗಿ ನಲವತ್ತಾರು ವರ್ಷವಾಯಿತು. ಈ ಪ್ರವಾಸ ನಮ್ಮ ಮೂವರು ಗಂಡುಮಕ್ಕಳು ಕೊಟ್ಟ ಉಡುಗೊರೆ. ನಾನು ಕೇಳಿದ್ದಲ್ಲ. ಉಂಬ್ರಿಯಾದ ಹಳೆಯ ಊರುಗಳನ್ನು ನೋಡಿ, ಬೇಕಾದದ್ದನ್ನು ಕೊಂಡುಕೊಂಡು ಬನ್ನಿ ಎಂದು ಹೋಟೆಲು, ಬಸ್ಸು ಎಲ್ಲವನ್ನೂ ಅವರೇ ಗೊತ್ತುಮಾಡಿದ್ದರು. ನನ್ನ ಗಂಡ ಕಳೆದ ಚಳಿಗಾಲದವರೆಗೆ ಸಮುದ್ರಕ್ಕೆ ಹೋಗುತ್ತಿದ್ದರು. ನಡುರಾತ್ರಿ ಕಳೆದ ಮೇಲೆ ಹೊರಟು, ಮಧ್ಯಾಹ್ನ ಬಂದು ಮಲಗುತ್ತಿದ್ದರು. ಆ ಹೊತ್ತಿಗೆ ನಾನು ಅಂಗಡಿಯಲ್ಲಿರುತ್ತಿದ್ದೆ. ಬೆಳಿಗ್ಗೆಯಿಂದ ರಾತ್ರಿಯವರೆಗೆ ನಾವಿಬ್ಬರೇ ಜೊತೆಯಲ್ಲಿ ಕಳೆದ ದಿನ ಈ ಪ್ರವಾಸಕ್ಕೆ ಮೊದಲು ಇರಲಿಲ್ಲ.

ಮಂಗಳವಾರ ಸ್ಪೆಲ್ಲೊ ಊರಿನಲ್ಲಿ ಇಳಿದೆವು. ಮೇಲಿನ ಇಗರ್ಜಿಗೆ ಹೋಗುವ ಬೀದಿಯಲ್ಲಿ ನಾನು ಸೊಸೆಯಂದಿರ ವಿಷಯ ಮಾತನಾಡುತ್ತಾ ಹತ್ತಿದೆ. ಬಟ್ಟೆ ಅಂಗಡಿಯ ಮುಂದೆ ಕುಳಿತಿದ್ದ ಇಬ್ಬರು ಹೆಂಗಸರು ನನ್ನನ್ನೇ ನೋಡುತ್ತಿದ್ದರು. ತಿರುಗಿ ನೋಡಿದಾಗ ಪಕ್ಕದಲ್ಲಿ ಯಾರೂ ಇರಲಿಲ್ಲ. ಗಂಡ ಬಹಳ ಕೆಳಗೆ, ಬೀದಿ ಶುರುವಾಗುವಲ್ಲಿ, ಗೋಡೆಯ ನಲ್ಲಿಯಿಂದ ಬೀಳುವ ನೀರನ್ನು ನೋಡುತ್ತಾ ನಿಂತಿದ್ದರು. ನಾನು ಆ ಅಂಗಡಿಯೊಳಗೆ ಹೋಗಿ ಒಂದು ಮೇಜುಬಟ್ಟೆ ಕೊಂಡೆ. ಬೇಕಿರಲಿಲ್ಲ.

ಬುಧವಾರ ದೆರೂತಾದಲ್ಲಿ ಪಿಂಗಾಣಿ ತಟ್ಟೆಗಳನ್ನು ನೋಡಿದೆವು. ನೀಲಿ ಮೀನಿನ ಚಿತ್ರವಿದ್ದ ತಟ್ಟೆಯೊಂದನ್ನು ನಾನು ಆರಿಸಿದೆ. ಗಂಡ ಅದನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದರು.

"ಈ ಮೀನಿಗೆ ರೆಕ್ಕೆ ತಪ್ಪು ಜಾಗದಲ್ಲಿದೆ ನೋಡಮ್ಮ. ನೀರಿಗೆ ಬಿಟ್ರೆ ಮಗುಚಿಕೊಳ್ಳುತ್ತೆ."

ಅಂಗಡಿಯವಳು ನಕ್ಕು, "ಅದು ಊಟಕ್ಕೆ ಸ್ವಾಮಿ, ಈಜೋದಕ್ಕಲ್ಲ," ಎಂದಳು.

"ನಮ್ಮೂರಲ್ಲಿ ಈಜಿದ್ದನ್ನೇ ತಿನ್ನೋದಮ್ಮ," ಎಂದರು ಇವರು.

ಆ ಎರಡು ದಿನಗಳಲ್ಲಿ ಅವರು ಆಡಿದ ಅತಿ ಉದ್ದದ ಮಾತು ಅದು. ಅದನ್ನೂ ಅಂಗಡಿಯವಳಿಗೆ ಆಡಿದರು. ಆ ತಟ್ಟೆಯನ್ನೇ ಕೊಂಡೆ.

ಗುರುವಾರ, ಅಂದರೆ ಈ ದಿನ, ಮಧ್ಯಾಹ್ನ ತೋದಿಗೆ ಬಂದೆವು. ದೊಡ್ಡ ಚೌಕದ ಹಿಂದಿನ ಓಣಿಯಲ್ಲಿ ತಾಮ್ರದ ಪಾತ್ರೆಗಳ ಅಂಗಡಿಯಿದೆ. ಅಲ್ಲಿ ಪೊಲೆಂತಾ ಗಂಜಿ ಕಾಯಿಸುವ, ದಪ್ಪ ತಳದ, ಬಿಲ್ಲಿನಂಥ ಹಿಡಿಕೆಯ ಪಾತ್ರೆ ಕೊಂಡೆ. ಮನೆಯಲ್ಲಿ ಒಂದು ಇದೆಯಲ್ಲ ಎಂದು ಗಂಡ ಹೇಳಿದರು. ಅದರ ತಳಕ್ಕೆ ಎರಡು ತೇಪೆ ಬಿದ್ದಿವೆ ಎಂದು ನಾನು ಹೇಳಿದೆ. ಅದರ ಸದ್ದು ಚೆನ್ನಾಗಿದೆ ಎಂದು ಅವರು ಹೇಳಿದರು. ಗಂಜಿ ಕಾಯಿಸುವುದಕ್ಕೆ ಸದ್ದು ಏತಕ್ಕೆ ಎಂದು ಕೇಳಿದೆ. ಅವರು ಓಣಿಗೆ ಇಳಿದರು.

ಮೂರು ಗಂಟೆಗೆ ಚೌಕದ ಇಗರ್ಜಿಯ ಮೆಟ್ಟಿಲ ಬಳಿ ಬಂದಾಗ ಅವರು ನಿಂತುಬಿಟ್ಟರು.

"ಓರ್ಸೊಲಾ, ಮನೆಗೆ ಹೋಗೋಣ."

"ನಾಳೆ ತಾನೇ ಹೋಗೋದು?"

"ಇವತ್ತೇ ಹೋಗೋಣ. ಎಲ್ಲ ಕಲ್ಲು. ಎಲ್ಲಿ ನೋಡಿದ್ರೂ ನೀರೇ ಇಲ್ಲ."

"ಮಕ್ಕಳು ದುಡ್ಡು ಕಟ್ಟಿದ್ದಾರೆ. ಊರಿಗೆ ಹೋದ ಮೇಲೆ ಜನ ಏನು ನೋಡಿದ್ರಿ ಅಂತ ಕೇಳ್ತಾರೆ. ನಲ್ಲಿ ನೋಡಿದ್ವಿ ಅಂತ ಹೇಳ್ಲಾ?"

"ಹೇಳು."

"ಹಾಗಾದ್ರೆ ಹೋಗು. ಹೋಗಿ ನಿನ್ನ ನೀರನ್ನ ಹುಡುಕ್ಕೋ."

ನಾನು ಇಗರ್ಜಿಯೊಳಗೆ ಹೋದೆ. ಕೆತ್ತನೆಯ ಮರದ ಪೀಠಗಳನ್ನು ನೋಡಿದೆ, ಒಂದು ಮೇಣದಬತ್ತಿ ಹಚ್ಚಿದೆ. ಹೊರಗೆ ಬಂದಾಗ ಅವರು ಮೆಟ್ಟಿಲ ಮೇಲೆ ಇರಲಿಲ್ಲ.

ನಮ್ಮ ಕಡೆ ಹೊಳೆ, ಕಾಲುವೆ, ಮಂಜು ಎಲ್ಲವೂ ಇರುವುದರಿಂದ ಚಿಕ್ಕಂದಿನಲ್ಲೇ ಒಂದು ನಿಯಮ ಕಲಿಸುತ್ತಾರೆ. ಜೊತೆ ತಪ್ಪಿದವರು ನೀರಿನ ಹತ್ತಿರ ಹೋಗಿ ನಿಲ್ಲಬೇಕು, ಅಲ್ಲಿಂದ ಅಲ್ಲಾಡಬಾರದು, ಹುಡುಕುವವರು ಬಂದೇ ಬರುತ್ತಾರೆ. ಆದ್ದರಿಂದ ನಾನು ಓಣಿಯ ಕೆಳಗಿದ್ದ ಕಾರಂಜಿಗೆ ಹೋದೆ. ಊರಿನಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದ ನೀರು ಅದೊಂದೇ. ಒಂದು ಗಂಟೆಗೂ ಹೆಚ್ಚು ಹೊತ್ತು ನಿಂತೆ. ಸಂಜೆಯ ಸುತ್ತಾಟಕ್ಕೆ ಜನ ಹೊರಟಿದ್ದರು. ಜೋಡಿಗಳು ತೋಳಿಗೆ ತೋಳು ಸೇರಿಸಿಕೊಂಡು ಮೇಲಕ್ಕೆ ಹೋಗಿ ಮತ್ತೆ ಕೆಳಕ್ಕೆ ಬರುತ್ತಿದ್ದರು. ಸೊಪ್ಪಿನ ಚೀಲ ಹಿಡಿದ ಒಬ್ಬ ಮುದುಕಿ ಎರಡನೆಯ ಸಲ ಹಾದುಹೋಗುವಾಗ ನಿಂತಳು.

"ಯಾರಿಗೋ ಕಾಯ್ತಾ ಇದ್ದೀರಾ ಅಂತ ಕಾಣುತ್ತೆ."

"ಇಲ್ಲ," ಎಂದೆ.

"ಮತ್ತೆ ಆ ಪಾತ್ರೆ ಹಿಡ್ಕೊಂಡು ನೀರು ತುಂಬೋಕೆ ಬಂದಿದ್ದೀರಾ?"

ಆಕೆಯನ್ನು ದಾಟಿ ಕೋಟೆಗೋಡೆಯ ಕಡೆ ನಡೆದೆ. ಗೋಡೆಯ ಮೇಲಿಂದ ಕೆಳಗೆ ನೋಡಿದಾಗ ಕಣಿವೆ ಇರಲಿಲ್ಲ. ಮಂಜು ತುಂಬಿ, ಬೆಟ್ಟದ ಬುಡದವರೆಗೂ ಬೆಳ್ಳಗೆ, ಸಮನಾಗಿ, ನಮ್ಮ ಊರಿನ ಮುಂದಿನ ಹಿನ್ನೀರಿನ ಹಾಗೆಯೇ ಕಾಣುತ್ತಿತ್ತು. ಇವರು ಇದನ್ನು ನೋಡಿದ್ದಾರೆ, ಕೆಳಗೆ ಇಳಿದಿದ್ದಾರೆ ಎಂದು ನನಗೆ ಆಗ ತಿಳಿಯಿತು. ಇಳಿದರೆ ನೀರಿನ ಬಳಿ ನಿಲ್ಲುತ್ತಾರೆ. ನಿಂತರೆ ಅಲ್ಲಾಡುವುದಿಲ್ಲ. ಹಾಕಿಕೊಂಡಿದ್ದದ್ದು ತೆಳುವಾದ ಕೋಟು.

ಊರಬಾಗಿಲ ಹೊರಗೆ ಆಲಿವ್ ಕಾಯಿಯ ಪೆಟ್ಟಿಗೆ ಹೇರಿಕೊಂಡ ಮೂರು ಚಕ್ರದ ಸಣ್ಣ ಗಾಡಿಯೊಂದು ಇಳಿಯುತ್ತಿತ್ತು. ಕೈ ಅಡ್ಡ ಹಿಡಿದು ನಿಲ್ಲಿಸಿದೆ.

"ನದಿಗೆ ಇಳಿಯೋ ರಸ್ತೆ ಎಲ್ಲಿ ಮುಗಿಯುತ್ತೋ ಅಲ್ಲಿಗೆ ಬಿಡಪ್ಪ."

"ಈ ಮಂಜಲ್ಲಿ ನದಿ ಹತ್ರ ಏನು ಕೆಲಸ ಸಿನ್ಯೋರಾ?"

"ಗಂಡನ್ನ ಕರ್ಕೊಂಡು ಬರಬೇಕು."

"ಮೀನು ಹಿಡೀತಾರಾ?"

"ಹಿಡೀತಿದ್ರು."

ಆತ ಪಕ್ಕದ ಪೆಟ್ಟಿಗೆ ಸರಿಸಿ ಜಾಗ ಮಾಡಿದ. ಮೂರು ಕಿಲೋಮೀಟರು ಇಳಿದು ಸೇತುವೆಯ ಬಳಿ ಬಿಟ್ಟಾಗ ಐದು ಗಂಟೆಗೆ ಸ್ವಲ್ಪ ಕಡಿಮೆ. ಸೇತುವೆಯ ಮೊದಲ ಕಂಬ ಕಾಣುತ್ತಿತ್ತು, ಎರಡನೆಯದು ಕಾಣುತ್ತಿರಲಿಲ್ಲ. ಕೆಳಗೆ ನೀರು ಹರಿಯುವುದು ಕೇಳುತ್ತಿತ್ತು.

ಹೆಸರು ಹಿಡಿದು ಏಕೆ ಕೂಗಲಿಲ್ಲ ಎಂದು ಕೇಳಿದ್ದಾರೆ. ಮಂಜಿನಲ್ಲಿ ಕೂಗು ಯಾವ ಕಡೆಯಿಂದ ಬಂತೆಂದು ತಿಳಿಯುವುದಿಲ್ಲ, ಕೇಳಿದವನು ತಪ್ಪು ದಿಕ್ಕಿಗೆ ಹೋಗುತ್ತಾನೆ. ತಾಮ್ರದ ಸದ್ದಾದರೆ ತಿಳಿಯುತ್ತದೆ. ನಮ್ಮ ದಂಡೆಯಲ್ಲಿ ಮಂಜು ಕವಿದ ದಿನ ಹೆಂಗಸರು ತಾಮ್ರದ ಪಾತ್ರೆ ಹಿಡಿದು ನೀರಿನ ಅಂಚಿಗೆ ಬಂದು ಬಡಿಯುತ್ತಾರೆ. ಒಂದೊಂದು ಮನೆಗೆ ಒಂದೊಂದು ಬಡಿತ. ತನ್ನ ಮನೆಯ ಬಡಿತ ಕೇಳಿ ದೋಣಿ ಆ ಕಡೆ ತಿರುಗುತ್ತದೆ, ದೋಣಿಯವರು ಹಲಗೆ ಬಡಿದು ಅದೇ ಬಡಿತವನ್ನು ಮರಳಿಸುತ್ತಾರೆ. ತಿಯೋಜ್ಜೊ ಮನೆಯದು ಮೂರು ಬೇಗ, ಒಂದು ತಡೆದು. ನಾನು ಮದುವೆಯಾಗಿ ಬಂದ ವಾರ ನನ್ನ ಅತ್ತೆ ನನ್ನ ಕೈ ಹಿಡಿದು ಅದನ್ನು ಕಲಿಸಿದರು. ನನ್ನ ತವರಿನ ಬಡಿತ ಬೇರೆ. ಅದನ್ನು ಆಮೇಲೆ ಬಡಿಯುವ ಸಂದರ್ಭ ಬರಲಿಲ್ಲ.

ಸೌಟು ಇರಲಿಲ್ಲವಾದ್ದರಿಂದ ಎಡಗಾಲಿನ ಬೂಟು ಕಳಚಿ ಅದರ ಹಿಮ್ಮಡಿಯಿಂದ ಬಡಿದೆ. ಬೂಟು ಪ್ರವಾಸಕ್ಕೆಂದೇ ಕೊಂಡದ್ದು. ಬಡಿಯುವುದು, ನಿಲ್ಲಿಸಿ ಕೇಳುವುದು, ಮತ್ತೆ ಬಡಿಯುವುದು, ಹೀಗೆ ಮಾಡಿದೆ. ದಂಡೆಯ ಮನೆಗಳ ನಾಯಿಗಳು ಬೊಗಳಿದವು. ಒಬ್ಬ ಗಂಡಸು ಕಿಟಕಿ ತೆಗೆದು, ಹುಚ್ಚು ಹಿಡಿದಿದೆಯೇ ಎಂದು ಕೂಗಿದ. ನಾನು ನಿಲ್ಲಿಸಲಿಲ್ಲ.

ಐದು ಮುಕ್ಕಾಲಿಗೆ ಪೊಲೀಸ್ ಗಾಡಿ ಬಂತು. ಇಬ್ಬರು ಇಳಿದರು. ಕಿರಿಯ ಅಧಿಕಾರಿ ದೀಪವನ್ನು ನನ್ನ ಮುಖಕ್ಕೆ ಬಿಟ್ಟರು.

"ಸಿನ್ಯೋರಾ, ಪಾತ್ರೆ ಕೆಳಗಿಡಿ."

"ಇಡಲ್ಲ."

"ಏನಾದರೂ ಕುಡಿದಿದ್ದೀರಾ?"

"ಮನೆಗೆ ಹೋಗಿ ನಿನ್ನ ತಾಯಿಯನ್ನ ಕೇಳು ಆ ಪ್ರಶ್ನೆ. ಮೊದಲು ಆ ಇಂಜಿನ್ ನಿಲ್ಲಿಸು, ನನಗೆ ಏನೂ ಕೇಳ್ತಾ ಇಲ್ಲ."

ಹಿರಿಯ ಅಧಿಕಾರಿ ನನ್ನ ಬರಿಗಾಲು ನೋಡಿ, ಹೋಗಿ ಇಂಜಿನ್ ಆರಿಸಿದರು. ನಾನು ಮತ್ತೆ ಬಡಿದೆ. ನಿಲ್ಲಿಸಿದೆ. ಸೇತುವೆಯ ಕೆಳಗಿನಿಂದ, ಬಲಗಡೆಯಿಂದ, ಕಲ್ಲಿಗೆ ಕಲ್ಲು ತಾಕಿದ ಸದ್ದು ಬಂತು. ಮೂರು ಬೇಗ, ಒಂದು ತಡೆದು.

ಆಮೇಲೆ ನನ್ನ ಗಂಡನ ದನಿ ಬಂತು.

"ಅಮ್ಮಾ?"

ಹಿರಿಯ ಅಧಿಕಾರಿ ಸೇತುವೆಯ ಅಂಚಿಗೆ ಬಂದು ಕೆಳಗೆ ಬಗ್ಗಿ ನೋಡಿದರು.

"ಅಮ್ಮಾ, ಬಂದೆ. ನಿಲ್ಲಿಸ್ಬೇಡ, ಇನ್ನೂ ಸ್ವಲ್ಪ ಬಡಿ."

ನಾನು ಬಡಿದೆ. ಅವರು ದಂಡೆ ಹತ್ತಿ ಮೇಲೆ ಬರುವವರೆಗೂ ಬಡಿದೆ. ಮಂಡಿಯವರೆಗೆ ಒದ್ದೆಯಾಗಿದ್ದರು. ಮೀನಿನ ತಟ್ಟೆಯಿದ್ದ ಚೀಲ ಎದೆಗೆ ಅವುಚಿಕೊಂಡಿದ್ದರು. ದೀಪದ ಬೆಳಕಿಗೆ ಬಂದು ನನ್ನ ಮುಖ ನೋಡಿ, "ಓ, ನೀನಾ," ಎಂದರು. ನನ್ನ ಬರಿಗಾಲು ನೋಡಿ ಬೂಟು ಎಲ್ಲಿ ಎಂದು ಕೇಳಿದರು. ಕೈಯಲ್ಲಿದೆ ಎಂದೆ. ಹೊಸ ಪಾತ್ರೆ ನೆಗ್ಗಿಹೋಯಿತಲ್ಲ ಎಂದರು.

ಅವರ ತಾಯಿ ತೀರಿಕೊಂಡು ಮೂವತ್ತೊಂದು ವರ್ಷವಾಯಿತು. ಅವರು ಕೂಗಿದ ಆ ಮಾತನ್ನು ಬರೆಯಬೇಕೇ ಎಂದು ಹೇಳಿಕೆ ಬರೆದುಕೊಳ್ಳುತ್ತಿರುವ ಅಧಿಕಾರಿ ಮೆಲ್ಲಗೆ ಕೇಳಿದರು. ನಡೆದದ್ದನ್ನು ಬರೆಯಿರಿ ಎಂದು ಹೇಳಿದ್ದೇನೆ. ನನ್ನ ಮಕ್ಕಳಿಗೆ ಠಾಣೆಯಿಂದ ಫೋನ್ ಮಾಡುವ ಅಗತ್ಯವಿಲ್ಲ. ತಿಳಿದರೆ ಅವರು ತಂದೆಯನ್ನು ದೋಣಿಯ ಹತ್ತಿರ ಬಿಡುವುದಿಲ್ಲ. ಸದ್ದಿನಿಂದ ತೊಂದರೆಯಾದವರು ಇದ್ದರೆ ಅವರ ಮುಂದೆ ಬಂದು ಇದನ್ನೇ ಹೇಳಲು ಸಿದ್ಧಳಿದ್ದೇನೆ. ಕ್ಷಮೆ ಕೇಳುವುದಿಲ್ಲ.

ಗಂಡ ಈಗ ಹೊರಗಿನ ಬೆಂಚಿನ ಮೇಲೆ ಠಾಣೆಯವರು ಕೊಟ್ಟ ಕಂಬಳಿ ಹೊದ್ದು ಕುಳಿತಿದ್ದಾರೆ. ಪಾತ್ರೆ ಅವರ ಮಡಿಲಲ್ಲಿದೆ.

ಬರೆದದ್ದನ್ನು ನನಗೆ ಓದಿ ಹೇಳಿದರು. ಅದರಲ್ಲಿ ಒಂದು ಕಡೆ "ಹೆಂಡತಿ ಕರೆದದ್ದು ಕೇಳಿ ಬಂದರು" ಎಂದಿತ್ತು. ಅದನ್ನು ಹೊಡೆದುಹಾಕಿಸಿ "ಪಾತ್ರೆಯ ಸದ್ದು ಕೇಳಿ ಬಂದರು" ಎಂದು ತಿದ್ದಿಸಿದ್ದೇನೆ. ಉಳಿದದ್ದೆಲ್ಲ ನಾನು ಹೇಳಿದಂತೆಯೇ ಇದೆ, ಸತ್ಯವಿದೆ ಎಂದು ಒಪ್ಪಿ ಸಹಿ ಹಾಕಿದ್ದೇನೆ.

ಸ್ಥಳ: ತೋದಿ
ದಿನಾಂಕ: 10 ನವೆಂಬರ್ 1988

(ಸಹಿ)
ಓರ್ಸೊಲಾ ಬಾಲಾರಿನ್