ಮುಗಿಸದ ಪದ

ತೊಯ್ದ ಕಂಬಳಿಯ ವಾಸನೆ ಬಂದರೆ ಕಾಂತಾಬಾಯಿಗೆ ಈಗಲೂ ಭಾಲ್ಕಿಯ ಅಜ್ಜಿಮನೆಯ ಪಡಸಾಲೆ ನೆನಪಾಗುತ್ತದೆ. ನಿಜಾಮರ ಆಳ್ವಿಕೆ ಮುಗಿದು ಹತ್ತು-ಹನ್ನೆರಡು ವರ್ಷಗಳಾಗಿದ್ದವು. ಆ ಸಂಜೆ ಮಳೆ ಹಿಡಿದಿತ್ತು. ಕುರಿಗಳು ದೊಡ್ಡಿ ಸೇರಿದ್ದವು, ಮೊಮ್ಮಕ್ಕಳು ಅಜ್ಜಿ ಸಖುಬಾಯಿಯ ಸುತ್ತ ಕುಳಿತಿದ್ದರು. ನೆರೆಮನೆಯ ಶಮೀಮಬೀಯೂ ಬಂದಿದ್ದಳು. ರಜಾಕಾರರ ಗದ್ದಲದ ವರ್ಷ ಇವರೆಲ್ಲ ಊರು ಬಿಟ್ಟಾಗ ಈ ಮನೆಗೆ ದಿನಾ ದೀಪ ಹಚ್ಚಿಟ್ಟವಳು ಅವಳೇ.

“ನನ್ನ ಗೆಳತಿ ಶಾಲುಬಾಯಿ ಅಂತ ಇದ್ದಳವ್ವಾ…” ಅಜ್ಜಿ ಶುರುಮಾಡಿದಳು. “ಆಕಿ ಚೆಲುವು ಹ್ಯಾಂಗ ಹೇಳ್ಲಿ? ಬಾವಿಗೆ ಬಂದ್ರ ಮಂದಿ ಕೊಡ ತುಂಬಿದ್ದು ಮರೀತಿದ್ರು. ರಜಾಕಾರರ ಅಂಜಿಕಿಗೆ ನಿಜಾಮರ ಗಡಿ ದಾಟಿ ಡೇರೆದಾಗ ಇದ್ವಿ. ಅಲ್ಲೇ ಆಕಿಗೆ ಜ್ವರ ಬಂತು… ಸಾಯೋ ಮುಂದ ಮುಖದ ಮ್ಯಾಲ ಕೈ ಆಡಿಸಿ, ‘ಸಖು, ಈ ಮಾರಿ ಮಣ್ಣಾಗಬಾರ್ದು, ನಿನ್ನ ಬೀಸೋ ಪದದಾಗ ಇಡು’ ಅಂದಳು. ಪೊಲೀಸ್ ಆ್ಯಕ್ಷನ್ ಆತು, ರಜಾಕಾರರು ಹೋದ್ರು, ಮನಿಗೆ ಬಂದ್ವಿ, ಬೀಸೋ ಕಲ್ಲಿನ ಮುಂದ ಕುಂತು ಹಾಡಿದೆ…

ಬೀಸಿ ಬೀಸಿ ಕಲ್ಲು ಸವದಾವ, ಶಾಲುನ
ಮಾರಿ ಸವಿಲಿಲ್ಲ ತಂಗೆವ್ವ…

ಬೀಸೂದಾದ ಮ್ಯಾಲ ಕಲ್ಲಿಗೆ ಶರಣಂದು ಪದ ಮುಗಸೂದು ನಮ್ಮ ರೀತಿ. ಪದದಾಗ ಕರದವರನ್ನ ಕಳಸಬೇಕಲ್ಲ? ಆಕಿನ್ನ ಕಳಸಲಿಕ್ಕ ನಂಗ ಬಾಯಿ ಬರಲಿಲ್ಲ, ಪದ ಮುಗಸಲಿಲ್ಲ. ಮರುದಿನ ಕಲ್ಲು ಹಗುರಾತು… ಗೂಟದ ಮ್ಯಾಲ ನನ್ನ ಕೈ ಕೆಳಗ ಇನ್ನೊಂದು ಕೈ. ಶಾಲುನ ಹಸರು ಬಳಿ ಇಟ್ಟ ಕೈ. ಅದೇ ಮಾರಿ.”

“ದೆವ್ವಕ್ಕೂ ಬಿಟ್ಟಿ ಚಾಕರಿ ಹಚ್ಚಿದಿ ನೋಡು ಸಖು,” ಶಮೀಮಬೀ ನಕ್ಕಳು.

ಅಜ್ಜಿ ನಗಲಿಲ್ಲ. “ನನ್ನ ಕೂದಲ ಬೆಳ್ಳಗಾದವು, ಆಕಿದು ಒಂದೂ ಬೆಳ್ಳಗಾಗಿಲ್ಲ. ಆದ್ರ ಮಾರಿ ಉಳೀತಂದ್ರ ಹಸಿವೂ ಉಳೀತದ, ದಣಿವೂ ಉಳೀತದ… ಯಾರಿಗೆ ಗೊತ್ತಿತ್ತು? ‘ಪದ ಮುಗಸು ಸಖು, ಕೈ ಸೋತಾವ’ ಅಂತಾಳ.”

“ಮುಗಸಬಾರ್ದೇನ ಆಯಿ?” ಕಾಂತಾಬಾಯಿ ಕೇಳಿದಳು.

“ಮುಗಸಿದ್ರ ಆ ಮಾರಿ ಮತ್ತ ಎಲ್ಲಿ ನೋಡ್ಲಿ?”

ಮನೆಯವರೆಲ್ಲ ಪಡಸಾಲೆಯಲ್ಲೇ ಇದ್ದರು. ಒಳಕೋಣೆಯಲ್ಲಿ ಕಲ್ಲು ತಿರುಗತೊಡಗಿತು.

ಅಜ್ಜಿ ತಟ್ಟೆಗೆ ರೊಟ್ಟಿ, ಪುಂಡಿ ಪಲ್ಯ ಹಾಕಿ ಕಾಂತಾಬಾಯಿಯ ಕೈಗಿಟ್ಟಳು. “ಇವತ್ತ ನೀ ಕೊಡು. ಬಾಗಲಾ ತನಕ ಬರ್ತಾಳ. ಮಾರಿ ಮಾತ್ರ ನೋಡಬ್ಯಾಡ… ನೋಡಿದ್ರ ನೀನೂ ಹಾಡ್ತಿ. ನಿಂಗೂ ಮುಗಸಲಿಕ್ಕ ಆಗೂದಿಲ್ಲ.”

ಕಾಂತಾಬಾಯಿ ತಲೆ ತಗ್ಗಿಸಿ, ಕತ್ತಲೆಯ ಬಾಗಿಲಿನತ್ತ ತಟ್ಟೆ ಚಾಚಿದಳು. ಕಲ್ಲು ನಿಂತಿತು. ಯಾರೋ ಮೆಲ್ಲಗೆ ತಟ್ಟೆ ತೆಗೆದುಕೊಂಡರು.