ಎರಡು ಇಂಚು ಮಣ್ಣು, ಒಂದು ಅಡಿ ಸುಳ್ಳು

ಈ ಸಭೆಯ ಅಧ್ಯಕ್ಷತೆ ವಹಿಸಿರುವ ಶಾಲಾಭಿವೃದ್ಧಿ ಸಮಿತಿಯ ರಶೀದಾಬೇಗಂ ಅವರೇ, ವೇದಿಕೆಯ ಮೇಲಿರುವ ಹಿರಿಯರೇ, ನನ್ನ ಸಹೋದ್ಯೋಗಿಗಳೇ, ಊಟ ಯಾವಾಗ ಎಂದು ಅಡುಗೆಮನೆಯ ಕಡೆ ನೋಡುತ್ತಿರುವ ನನ್ನ ಮಕ್ಕಳೇ, ಸಭಿಕರೇ,

ಹತ್ತೊಂಬತ್ತು ವರ್ಷ ಈ ಶಾಲೆಯಲ್ಲಿ ವಿಜ್ಞಾನ ಕಲಿಸಿ ಇಂದು ನಿವೃತ್ತಳಾಗುತ್ತಿದ್ದೇನೆ. ಈಗಷ್ಟೇ ಓದಿದ ಮಾನಪತ್ರದಲ್ಲಿ ‘ಉಮಾದೇವಿ ಮೇಡಂ ಅವರ ಲೆಕ್ಕ ಒಂದು ಇಂಚೂ ತಪ್ಪಿದ್ದಿಲ್ಲ’ ಎಂದಿದೆ. ಸರಿಯಾಗಿಯೇ ಇದೆ. ಒಂದು ಇಂಚು ತಪ್ಪಿದ್ದಿಲ್ಲ. ಹನ್ನೆರಡು ಇಂಚು ತಪ್ಪಿತ್ತು.

ನಗಬೇಡಿ. ಬಾಗಿಲ ಹತ್ತಿರ ನಿಂತಿರುವ ನಮ್ಮ ಶಾಲೆಯ ಸಿಪಾಯಿ ಖಂಡೆಪ್ಪನವರು ಹೇಳಬೇಡಿ ಎಂದು ಕೈ ಆಡಿಸುತ್ತಿದ್ದಾರೆ. ನಾನು ಹೇಳುವವಳೇ.

ನೇರ ಅಳತೆ ಎಂದರೇನು? ಟೇಪು ಹಿಡಿದು ಅಳೆಯುವುದು. ಪರೋಕ್ಷ ಅಳತೆ ಎಂದರೇನು? ಅಳೆಯಬೇಕಾದದ್ದನ್ನು ಮುಟ್ಟದೆ, ಇನ್ನೊಂದನ್ನು ಅಳೆದು ಲೆಕ್ಕ ಹಾಕುವುದು. ಪ್ರತಿವರ್ಷ ಒಂಬತ್ತನೆಯ ತರಗತಿಯವರು ಅಂಗಳದಲ್ಲಿ ಮೂರು ಅಡಿಯ ಕೋಲು ನಿಲ್ಲಿಸಿ ಅದರ ನೆರಳು ಅಳೆಯುತ್ತಾರೆ. ಶಾಲೆಯ ಗೋಡೆಯ ನೆರಳನ್ನೂ ಅಳೆಯುತ್ತಾರೆ. ಗೋಡೆಯ ನೆರಳು ಆರು ಪಟ್ಟು. ಮೂರು ಆರಲ ಹದಿನೆಂಟು. ಆಮೇಲೆ ಖಂಡೆಪ್ಪನವರು ಏಣಿ ಹತ್ತಿ, ಮೇಲಿನಿಂದ ಟೇಪು ಇಳಿಬಿಟ್ಟು, ಅಲ್ಲಿಂದಲೇ ಕೂಗುತ್ತಾರೆ: “ಹದಿನೆಂಟು ಫೂಟ್ ರೀ, ಮೇಡಂ!” ಚಪ್ಪಾಳೆ. ನೋಡಿದಿರಾ, ವಿಜ್ಞಾನ ತಪ್ಪುವುದಿಲ್ಲ ಎಂದು ನನ್ನ ಭಾಷಣ. ಅಷ್ಟಕ್ಕೇ ನಿಲ್ಲದೆ ಗೋಡೆಯ ಮೇಲೆ ‘ಎತ್ತರ 18 ಅಡಿ’ ಎಂದು ಬಣ್ಣದಲ್ಲಿ ಬೇರೆ ಬರೆಸಿದೆ.

ಈ ವರ್ಷ ಖಂಡೆಪ್ಪನವರಿಗೆ ಮೊಣಕಾಲು ನೋವು. ಅವರ ಬದಲು ನಮ್ಮ ದೈಹಿಕ ಶಿಕ್ಷಕರಾದ ಸಂಘಪಾಲ ಸರ್ ಹತ್ತಿದರು. “ಹದಿನೇಳು!” ಎಂದು ಕೂಗಿದರು. ಸರಿಯಾಗಿ ನೋಡಿರಿ ಎಂದೆ. ನೋಡಿದರು. ಹದಿನೇಳೇ. ನನಗೆ ಸಿಟ್ಟು ಬಂತು. ಆಟ ಆಡಿಸುವವರಿಗೆ ಟೇಪು ಓದಲು ಬರುತ್ತದೆಯೇ ಎಂದುಬಿಟ್ಟೆ. ಸಂಘಪಾಲ ಸರ್, ಆ ಮಾತಿಗೆ ಕ್ಷಮೆಯಿರಲಿ.

ಅಷ್ಟರಲ್ಲಿ ಒಂಬತ್ತನೆಯ ತರಗತಿಯ ನಮ್ಮ ಜಬೀನಾ ನೆಲದಿಂದ ಕೋಲು ಕಿತ್ತು ತಂದಳು. “ಮೇಡಂ, ಇದರ ಬುಡಕ್ಕ ಎರಡು ಇಂಚು ಮಣ್ಣು ಹತ್ಯಾದ್ರಿ. ಇಷ್ಟು ಒಳಗಿತ್ತಲ್ರೀ, ಇದರ ನೆರಳು ಎಲ್ಲಿ ಅದ?”

ನಮ್ಮ ಕಡೆಯ ನೆಲ ನಿಮಗೆ ಗೊತ್ತು. ಎರಡು ಇಂಚು ಮಣ್ಣು, ಕೆಳಗೆ ಹಾಸುಗಲ್ಲು. ಕೋಲು ನಿಲ್ಲಲಿ ಎಂದು ಪ್ರತಿವರ್ಷ ಕಲ್ಲು ತಾಗುವವರೆಗೆ ಗುದ್ದುತ್ತಿದ್ದೆವು. ಮೂರು ಅಡಿಯಲ್ಲಿ ಎರಡು ಇಂಚು ಒಳಗೆ. ಗೋಡೆಯ ಲೆಕ್ಕದಲ್ಲಿ ಅದು ಆರು ಪಟ್ಟು: ಎರಡು ಆರಲ ಹನ್ನೆರಡು ಇಂಚು. ಅದೇ ಆ ಒಂದು ಅಡಿ.

ಹಾಗಾದರೆ ಹದಿನೆಂಟು ವರ್ಷ ಟೇಪು ಸುಳ್ಳು ಹೇಳಿತೇ? ಪ್ರಯೋಗಾಲಯಕ್ಕೆ ಖಂಡೆಪ್ಪನವರನ್ನು ಕರೆದು ಬಾಗಿಲು ಹಾಕಿ ಕೇಳಿದೆ. ಬಹಳ ಹೊತ್ತು ಪರೀಕ್ಷಾನಳಿಕೆ ಒರೆಸಿದರು. ಆಮೇಲೆ ಅಂದರು: “ಮೊದಲನೇ ವರ್ಷ ನೀವು ಇದೇ ಖೋಲ್ಯಾಗ ಕುಂತು ಅಳಾಕತ್ತಿದ್ರಿ. ನಿಮ್ಮೂರಿಗೆ, ಸುಲೇಪೇಟಕ್ಕ, ವಾಪಸ್ ಹೋಗ್ತೀನಿ ಅಂತ ಅರ್ಜಿನೂ ಬರದಿದ್ರಿ. ಮರುದಿನ ಹೆಡ್‌ಮಾಸ್ತರ್ ಮುಂದ ಈ ಪ್ರಯೋಗ. ಒಂದು ಫೂಟಿನ ಸಲುವಾಗಿ ಮತ್ತ್ಯಾಕ ಅಳಸಬೇಕು ಅಂತ ಹದಿನೆಂಟು ಅಂದೆ.”

ಮುಂದಿನ ವರ್ಷವಾದರೂ ನಿಜ ಹೇಳಬಹುದಿತ್ತಲ್ಲ ಎಂದೆ.

“ಹ್ಯಾಂಗ ಹೇಳಲ್ರೀ? ಸಾಲಿ ಗೋಡಿ ಒಂದು ವರ್ಷದಾಗ ಗಿಡ್ಡ ಆಗ್ಯಾದೇನು ಅಂತ ಹುಡುಗುರು ಕೇಳ್ತಾವಲ್ಲ?”

ಅರ್ಜಿಯ ಮಾತು ನಿಜ. ಆ ದಿನ ಹೆಡ್‌ಮಾಸ್ತರರ ಎದುರು ಲೆಕ್ಕ ತಪ್ಪಿದ್ದರೆ ನಾನು ಸಂಜೆಯ ಬಸ್ಸಿಗೇ ಹೋಗಿಬಿಡುತ್ತಿದ್ದೆ. ಅರ್ಜಿ ಚೀಲದಲ್ಲಿತ್ತು. ಯಾಕೆ ಅತ್ತಿದ್ದೆ ಎಂದು ಇಲ್ಲಿ ಹೇಳಲಾರೆ, ಮನೆಯಲ್ಲೂ ಕೇಳಿದವರಿರಲಿಲ್ಲ. ಕೇಳದೆಯೇ ತಿಳಿದುಕೊಂಡವರು ಖಂಡೆಪ್ಪ ಒಬ್ಬರೇ. ಅವರಿಗೆ ನಾನು ಇದುವರೆಗೆ ಹೇಳಿದ್ದೇನು? ಗಂಟೆ ಬಾರಿಸಿ, ಕಪಾಟಿನ ಕೀಲಿ ಕೊಡಿ, ಅಷ್ಟೇ.

ಮಕ್ಕಳೇ, ಅವರು ಮಾಡಿದ್ದು ತಪ್ಪು. ಟೇಪು ತೋರಿಸಿದ್ದನ್ನೇ ಬರೆಯಬೇಕು. ನನ್ನದು ಇನ್ನೂ ದೊಡ್ಡ ತಪ್ಪು. ಉತ್ತರ ಬಂದ ಮೇಲೆ ನಾನು ಕೋಲಿನ ಬುಡ ನೋಡಲೇ ಇಲ್ಲ. ನೀವು ಜಬೀನಾಳ ಹಾಗೆ ಕಿತ್ತು ನೋಡಿ.

ನೀವು ಹೊದಿಸಿದ ಈ ಸನ್ಮಾನದ ಶಾಲು ನನ್ನ ಹೆಗಲ ಮೇಲೆ ಕೂರುತ್ತಿಲ್ಲ. ಸಭೆ ಮುಗಿದ ಮೇಲೆ ಖಂಡೆಪ್ಪನವರು ಇದನ್ನು ಹೊದ್ದು ಕೆಳಗೆ ಟೇಪಿನ ತುದಿ ಹಿಡಿಯಲಿ. ಏಣಿ ಹತ್ತುವವಳು ನಾನು. ನಿಜವಾದ ಅಳತೆಯನ್ನು ಊರಿಗೆ ಕೇಳುವಂತೆ ಕೂಗಿ, ಆ ಹದಿನೆಂಟನ್ನು ನಾನೇ ಅಳಿಸುತ್ತೇನೆ. ಖಂಡೆಪ್ಪ, ನಿಮ್ಮಿಂದ ನಾನು ಈ ಸಾಲಿಯೊಳಗ ಉಳದೀನಿ. ಇದನ್ನ ನೇರವಾಗಿ ಹೇಳಾಕ ಹತ್ತೊಂಬತ್ತು ವರ್ಷ ಬೇಕಾಯ್ತು ನೋಡ್ರಿ.

ಅಯ್ಯ, ಕಣ್ಣು ಒರಸಬ್ಯಾಡ್ರಿ. ನೀವು ಅಳಾಕತ್ತಿದ್ರ ನಾನು ಮ್ಯಾಲಿಂದ ಮತ್ತ ಹದಿನೆಂಟೇ ಅಂತೀನಿ!

ಇಷ್ಟು ಹೊತ್ತು ಹಸಿದ ಹೊಟ್ಟೆಯಲ್ಲಿ ಕೇಳಿದ ನಿಮಗೆಲ್ಲ ಧನ್ಯವಾದ. ನಮಸ್ಕಾರ.